ನಾ ಬರ್ತೀನಿ, ಇಶ್ ಕೊಮೆ

ಹಗರಿಬೊಮ್ಮನಹಳ್ಳಿಯಿಂದ ಪಾಲಕರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ನರ್ಸಿಂಗ್ ಮುಗಿಸಿದವಳು. ಜರ್ಮನಿಯ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಕೆಲಸವಿದೆ ಎಂದು ಕೇಳಿ, ಕೈಗಡ ಮಾಡಿ, ಬೆಂಗಳೂರಿನ ಒಂದು ಕೋಚಿಂಗ್ ತರಗತಿಗೆ ಅವಳನ್ನು ಸೇರಿಸಿದ್ದಾರೆ. ಆರು ವಾರವಾಗಿದೆ. ಈಗ ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ಮಾತಂತೆ: "ಅಪ್ಪಾ, ಇದು ನನ್ ಕೈಲಿ ಆಗಂಗಿಲ್ಲ." ಪಕ್ಕದಲ್ಲಿ ಕೂತವರೆಲ್ಲ ಇಂಗ್ಲಿಷ್ ಮಾಧ್ಯಮದವರು, ಪಾಠ ನಡೆಯುವುದೂ ಇಂಗ್ಲಿಷಿನಲ್ಲೇ. "ಇಂಗ್ಲಿಷೇ ಸರಿಯಾಗಿ ಬಾರದವಳಿಗೆ ಜರ್ಮನ್ ಹೇಗೆ ಬಂದೀತು? ಫೀಜು ಹೋದರೆ ಹೋಗಲಿ, ಮಗಳನ್ನು ವಾಪಸು ಕರೆಸಿಕೊಳ್ಳಲೇ?" ಎಂದು ಕೇಳಿದ್ದಾರೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದಲೂ ಇದೇ ಧಾಟಿಯ ಪತ್ರಗಳಿವೆ.

ಕರೆಸಿಕೊಳ್ಳಬೇಡಿ. ಇದು ಬರಿಯ ಸಮಾಧಾನದ ಮಾತಲ್ಲ. ಜರ್ಮನ್ ಕಲಿಯುವವರು ಮೊದಲು ಎಡವುವ ಕಲ್ಲೊಂದಿದೆ: ವರ್ತಮಾನ ಕಾಲದಲ್ಲಿ ಕ್ರಿಯಾಪದ ರೂಪ ಬದಲಿಸುವುದು. ಆ ಕಲ್ಲನ್ನು ದಾಟುವ ವಿಷಯದಲ್ಲಿ ನಿಮ್ಮ ಮಗಳು ಪಕ್ಕದ ಬೆಂಚಿನವರಿಗಿಂತ ಒಂದು ಹೆಜ್ಜೆ ಮುಂದಿದ್ದಾಳೆ. ಅದು ಅವಳಿಗೆ ಗೊತ್ತಿಲ್ಲ, ಅಷ್ಟೆ. ಯಾಕೆಂದರೆ ಅವಳಿಗೆ ಯಾರೂ ಕನ್ನಡದಿಂದ ಜರ್ಮನ್‌ಗೆ ದಾರಿ ತೋರಿಸಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಇಳಿಸಿ, ಅಲ್ಲಿಂದ ಮತ್ತೆ ಹತ್ತಿಸುತ್ತಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ಇಂಗ್ಲಿಷಿನ 'ಕಮ್' ಎಂಬ ಪದವನ್ನು ನೋಡಿ. ಐ ಕಮ್, ಯು ಕಮ್, ವಿ ಕಮ್, ದೇ ಕಮ್. ಯಾರು ಬಂದರೂ ಕ್ರಿಯಾಪದ ಕದಲುವುದಿಲ್ಲ. 'ಹಿ', 'ಶಿ', 'ಇಟ್' ಬಂದಾಗ ಮಾತ್ರ ತುದಿಗೊಂದು 'ಸ್' ಅಂಟುತ್ತದೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬಿಡುವುದೂ ಅದನ್ನೇ! ಹಿಂದೆ ಇಂಗ್ಲಿಷಿನಲ್ಲೂ ಪುರುಷಕ್ಕೊಂದು ಪ್ರತ್ಯಯ ಇತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ 'ದೌ' ಎಂಬ ಏಕವಚನ 'ನೀನು' ಬಂದರೆ ಕ್ರಿಯಾಪದಕ್ಕೆ 'ಸ್ಟ್' ಸೇರುತ್ತದೆ. ಕಾಲಕ್ರಮದಲ್ಲಿ ಇಂಗ್ಲಿಷ್ ಅವನ್ನು ಉದುರಿಸಿಬಿಟ್ಟಿತು. ಅದರ ಅಕ್ಕ ಎನ್ನಬಹುದಾದ ಜರ್ಮನ್ ಉಳಿಸಿಕೊಂಡಿತು. ಆದ್ದರಿಂದ ಇಂಗ್ಲಿಷಿನ ಮೂಲಕ ಬಂದವರಿಗೆ ಜರ್ಮನ್ ಕ್ರಿಯಾಪದ ಹೊಸ ಉಪದ್ರವದಂತೆ ಕಾಣುತ್ತದೆ.

ಇನ್ನು ನಮ್ಮ ಮಾತು. ಕೊಟ್ಟೂರಿನ ಓಣಿಯಲ್ಲಿ ಆಡುವ ಮೂರು ವರ್ಷದ ಕೂಸನ್ನು ಗಮನಿಸಿ. ನಾ ಬರ್ತೀನಿ, ನೀ ಬರ್ತೀ, ಅವ ಬರ್ತಾನ, ಆಕಿ ಬರ್ತಾಳ, ಅದು ಬರ್ತೈತಿ, ನಾವು ಬರ್ತೀವಿ, ನೀವು ಬರ್ತೀರಿ, ಅವರು ಬರ್ತಾರ. ಒಂದೇ ಒಂದು ತಪ್ಪಿಲ್ಲ! ಗ್ರಾಂಥಿಕ ಕನ್ನಡದಲ್ಲಿ ಎಣಿಸಿದರೆ ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತೀಯೆ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತಾರೆ, ಮಾಡುತ್ತದೆ, ಮಾಡುತ್ತವೆ ಎಂದು ಒಂಬತ್ತು ರೂಪಗಳಾಗುತ್ತವೆ. ಹೈಸ್ಕೂಲಿನಲ್ಲಿ 'ಆಖ್ಯಾತ ಪ್ರತ್ಯಯ' ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಒಂಬತ್ತನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುವವರಿಗೆ ಜರ್ಮನ್ ಕೇಳುವುದು ನಾಲ್ಕೇ ಪ್ರತ್ಯಯಗಳನ್ನು: ಎ, ಸ್ಟ್, ಟ್, ಎನ್.

ಈಗ ಪಾಠಕ್ಕೆ ಬರೋಣ. ಜರ್ಮನ್ ನಿಘಂಟಿನಲ್ಲಿ ಕ್ರಿಯಾಪದಗಳು ಸಾಮಾನ್ಯವಾಗಿ 'ಎನ್' ಎಂಬ ಬಾಲದೊಂದಿಗೆ ಇರುತ್ತವೆ. 'ಲೆರ್ನೆನ್' ಎಂದರೆ ಕಲಿಯುವುದು. ಬಾಲ ಕತ್ತರಿಸಿದರೆ 'ಲೆರ್ನ್' ಎಂಬ ಧಾತು ಕೈಗೆ ಸಿಗುತ್ತದೆ. ಅದಕ್ಕೆ ಪುರುಷಕ್ಕೆ ತಕ್ಕ ಪ್ರತ್ಯಯ ಹಚ್ಚಬೇಕು.

ನಾನು ಕಲೀತೀನಿ: ಇಶ್ ಲೆರ್ನೆ
ನೀನು ಕಲೀತೀ: ಡೂ ಲೆರ್ನ್‌ಸ್ಟ್
ಅವನು ಕಲೀತಾನ: ಏರ್ ಲೆರ್ನ್‌ಟ್
ಅವಳು ಕಲೀತಾಳ: ಜೀ ಲೆರ್ನ್‌ಟ್
ಅದು ಕಲೀತೈತಿ: ಎಸ್ ಲೆರ್ನ್‌ಟ್
ನಾವು ಕಲೀತೀವಿ: ವೀರ್ ಲೆರ್ನೆನ್
ನೀವು ಕಲೀತೀರಿ (ಗೆಳೆಯರಾದ ಹಲವರು): ಈರ್ ಲೆರ್ನ್‌ಟ್
ಅವರು ಕಲೀತಾರ: ಜೀ ಲೆರ್ನೆನ್
ತಾವು ಕಲೀತೀರಿ (ಗೌರವಕ್ಕೆ, ಒಬ್ಬರಿರಲಿ ಹಲವರಿರಲಿ): ಜೀ ಲೆರ್ನೆನ್

ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದಿರುವುದು ಊರುಗೋಲಿನಂತೆ. ನಡಿಗೆ ಬಂದ ಮೇಲೆ ಬಿಸಾಡಬೇಕು. 'ಇಶ್' ಎಂಬಲ್ಲಿನ ಕೊನೆಯ ಸದ್ದು ನಮ್ಮ 'ಶ'ವೂ ಅಲ್ಲ, 'ಹ'ವೂ ಅಲ್ಲ. 'ಯ' ಎನ್ನಲು ನಾಲಗೆ ಎಲ್ಲಿಗೆ ಹೋಗುತ್ತದೋ ಅಲ್ಲೇ ನಿಲ್ಲಿಸಿ, ಗಂಟಲಿನ ಸದ್ದಿಲ್ಲದೆ ಬರಿ ಉಸಿರು ಬಿಟ್ಟು ನೋಡಿ, ಅದು ಬರುತ್ತದೆ. 'ಜೀ' ಎಂಬುದನ್ನು ಬರೆಯುವುದು ಎಸ್ ಅಕ್ಷರದಿಂದ, ನುಡಿಯುವುದು ಇಂಗ್ಲಿಷಿನ 'ಜೂ' ಎಂಬಲ್ಲಿ ಬರುವ ಜಕಾರದಿಂದ.

ಹೈಸ್ಕೂಲಿನ ವ್ಯಾಕರಣ ನೆನಪಿರುವವರಿಗೆ ಒಂದು ಮಾತು. ಕನ್ನಡದ ಕ್ರಿಯಾಪದ ಮೂರು ಬೋಗಿಯ ರೈಲು. ಮಾಡು ಎಂಬ ಧಾತು, 'ಉತ್ತ' ಎಂಬ ಕಾಲಸೂಚಕ, 'ಆನೆ' ಎಂಬ ಆಖ್ಯಾತ ಪ್ರತ್ಯಯ. ಜರ್ಮನ್ ವರ್ತಮಾನ ಕಾಲದಲ್ಲಿ ನಡುವಿನ ಬೋಗಿ ಇಲ್ಲ. ಧಾತು, ಅದರ ಬೆನ್ನಿಗೇ ಪುರುಷ. ನಮಗೆ ಅವನು, ಅವಳು, ಅದು ಮೂರಕ್ಕೂ ಬೇರೆ ಬೇರೆ ತುದಿ ಬೇಕು. ಅವರಿಗೆ ಮೂರಕ್ಕೂ ಒಂದೇ 'ಟ್'. ಇದಕ್ಕಿಂತ ಅಗ್ಗದ ವ್ಯಾಪಾರ ಇನ್ನೇನಿದೆ?

ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆದು ಬಂದವರನ್ನು ನೆನೆಯಬೇಕು. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕನ್ನಡ ಕಲಿತರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಹೊರತಂದು, ಅದೇ ವರ್ಷ ತೀರಿಕೊಂಡರು. ಅವರಿಗಿಂತ ಮೊದಲು ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನೇ ಹೊರಡಿಸಿದರು. ನಮ್ಮ ಬಳ್ಳಾರಿ ಸೀಮೆಗೆ ಬಂದವರು ಲಂಡನ್ ಮಿಷನ್ನಿನ ಇಂಗ್ಲಿಷರು; ಹಡಗಲಿಯಿಂದ ತುಂಗಭದ್ರೆ ದಾಟಿ ಗದಗ-ಬೆಟಗೇರಿಗೆ ಹೋದರೆ ಅಲ್ಲಿದ್ದವರು ಬಾಸೆಲ್ ಮಿಷನ್ನಿನವರು. ಒಂದು ಹೊಳೆಯ ಅಂತರ! ಕಿಟೆಲ್ ಮನೆಯಲ್ಲಿ ಕಲಿತದ್ದು ಒಂದೇ 'ಟ್'. ಇಲ್ಲಿಗೆ ಬಂದು ಅದನ್ನು ಆನೆ, ಆಳೆ, ಅದೆ ಎಂದು ಮೂರಾಗಿ ಒಡೆಯಬೇಕಾಯಿತು. ಅವರು ಏರಿದ ದಿಬ್ಬವನ್ನು ನಮ್ಮ ಮಕ್ಕಳು ಇಳಿಯಬೇಕಷ್ಟೆ.

ಪ್ರತ್ಯಯ ಗೊತ್ತಾದರೆ ವಾಕ್ಯ ಕಟ್ಟಲು ತಡವಿಲ್ಲ. 'ಕೊಮೆನ್' ಬರುವುದು, 'ವೋನೆನ್' ವಾಸಿಸುವುದು, 'ಫೆರ್‌ಕೌಫೆನ್' ಮಾರುವುದು. ಇಶ್ ಕೊಮೆ ಔಸ್ ಕೊಟ್ಟೂರು: ನಾನು ಕೊಟ್ಟೂರಿನವಳು. ವೀರ್ ವೋನೆನ್ ಇನ್ ಕೂಡ್ಲಿಗಿ: ನಾವು ಕೂಡ್ಲಿಗಿಯಲ್ಲಿ ಇರ್ತೀವಿ. ಮೈನೆ ಮುಟರ್ ಫೆರ್‌ಕೌಫ್ಟ್ ಯಸ್ಮೀನ್: ನಮ್ಮವ್ವ ಮಲ್ಲಿಗಿ ಮಾರ್ತಾಳ. ಈ ಕೊನೆಯ ವಾಕ್ಯವನ್ನು ಹೂವಿನಹಡಗಲಿಯ ಮಕ್ಕಳು ಯಾವ ಸಂಕೋಚವೂ ಇಲ್ಲದೆ ಹೇಳಬೇಕು. ಪಠ್ಯಪುಸ್ತಕದ ಬರ್ಲಿನ್ನಿನ ಕಾಫಿ ಅಂಗಡಿಗಿಂತ ಅವ್ವನ ಹೂವಿನ ಬುಟ್ಟಿ ಬೇಗ ನೆನಪಿನಲ್ಲಿ ನಿಲ್ಲುತ್ತದೆ.

ಕಾಲದ ವಿಷಯದಲ್ಲೂ ಕನ್ನಡವೇ ಹತ್ತಿರ. ಇಂಗ್ಲಿಷಿನಲ್ಲಿ 'ಐ ಲರ್ನ್' ಬೇರೆ, 'ಐ ಯಾಮ್ ಲರ್ನಿಂಗ್' ಬೇರೆ. ಜರ್ಮನ್‌ನಲ್ಲಿ 'ಇಶ್ ಲೆರ್ನೆ' ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನಿಂದ ಹೊರಟವರು 'ಯಾಮ್' ಎಂಬುದಕ್ಕೆ ಜರ್ಮನ್ ಪದ ಹುಡುಕಿ 'ಇಶ್ ಬಿನ್ ಲೆರ್ನೆನ್' ಎಂದು ಇಲ್ಲದ ವಾಕ್ಯ ಹುಟ್ಟಿಸುತ್ತಾರೆ. ನೀವು ಆ ಗೊಡವೆಗೇ ಹೋಗಬೇಡಿ. ನಾಳಿನ ಮಾತಿಗೂ ಇದೇ ರೂಪ ಸಾಕು: 'ಮೊರ್ಗೆನ್ ಕೊಮೆ ಇಶ್', ನಾಳೆ ಬರ್ತೀನಿ. ನಾವೂ ಹಾಗೆಯೇ ತಾನೇ ಅನ್ನುವುದು? ಮೂರು ವರ್ಷದಿಂದ ಕೂಡ್ಲಿಗಿಯಲ್ಲೇ ಇದೀನಿ ಎನ್ನಲು ಇಂಗ್ಲಿಷಿನವರು 'ಹ್ಯಾವ್ ಬೀನ್' ಎಂದು ಸುತ್ತು ಹಾಕಬೇಕು. ಜರ್ಮನರು 'ಇಶ್ ವೋನೆ ಜೈಟ್ ಡ್ರೈ ಯಾರೆನ್ ಇನ್ ಕೂಡ್ಲಿಗಿ' ಎಂದು ವರ್ತಮಾನದಲ್ಲೇ ಮುಗಿಸುತ್ತಾರೆ; 'ಜೈಟ್' ಎಂಬುದು ನಮ್ಮ 'ಇಂದ'. ಪ್ರಶ್ನೆ ಕೇಳಲು 'ಡು', 'ಡಸ್' ಎಂಬ ಕಿರಿಕಿರಿಯೂ ಇಲ್ಲ. 'ಲೆರ್ನ್‌ಸ್ಟ್ ಡೂ?' ಎಂದರೆ 'ಕಲೀತೀಯಾ?' ಎಂದೇ. ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕೂರಬೇಕು ಎಂಬುದು ಬೇರೆಯೇ ಪಾಠ; ಸದ್ಯಕ್ಕೆ ಎರಡನೆಯ ಸ್ಥಾನ ಅದರದು ಎಂದಿಟ್ಟುಕೊಳ್ಳಿ.

ಧಾತುಗಳಲ್ಲಿ ಕೆಲವು ಸ್ವಲ್ಪ ಹಟ ಮಾಡುತ್ತವೆ. ಇಲ್ಲಿಯೂ ನಮ್ಮ ಸಂಧಿ ಪ್ರಕರಣ ಕೈ ಹಿಡಿಯುತ್ತದೆ. 'ಆರ್‌ಬೈಟೆನ್' ಎಂದರೆ ಕೆಲಸ ಮಾಡುವುದು. ಧಾತು 'ಆರ್‌ಬೈಟ್', ಕೊನೆಯಲ್ಲೇ ಟಕಾರ. ಅದಕ್ಕೆ ಮತ್ತೊಂದು 'ಟ್' ಹಚ್ಚಿದರೆ ನುಡಿಯುವುದು ಹೇಗೆ? ಅದಕ್ಕಾಗಿ ನಡುವೆ ಒಂದು 'ಎ' ಬರುತ್ತದೆ: ಡೂ ಆರ್‌ಬೈಟೆಸ್ಟ್, ಏರ್ ಆರ್‌ಬೈಟೆಟ್, ಈರ್ ಆರ್‌ಬೈಟೆಟ್. ಮನೆ ಮತ್ತು ಅನ್ನು ಸೇರಿ 'ಮನೆಯನ್ನು' ಆಗುವಾಗ ನಡುವೆ ಯಕಾರ ಬಂದಂತೆ, ಇದು ಆಗಮ. ಮೈನ್ ಫಾಟರ್ ಆರ್‌ಬೈಟೆಟ್ ಇನ್ ಹರಪನಹಳ್ಳಿ: ನಮ್ಮಪ್ಪ ಹರಪನಹಳ್ಳಿಯಲ್ಲಿ ಕೆಲಸ ಮಾಡ್ತಾನ. (1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದ ಹರಪನಹಳ್ಳಿಯ ಮುಂದೆ ಜರ್ಮನ್ ಧಾತುಗಳ ಹಟ ಏನೇನೂ ಅಲ್ಲ!)

ಧಾತುವಿನ ಕೊನೆಗೆ ಟಕಾರ, ಡಕಾರ ಇದ್ದರೆ ಈ ಆಗಮ ಕಡ್ಡಾಯ. ಕೆಲವು ಧಾತುಗಳಲ್ಲಿ ಬೇರೆ ವ್ಯಂಜನದ ಬೆನ್ನಿಗೆ ಮಕಾರವೋ ನಕಾರವೋ ಬಂದಾಗಲೂ ಹೀಗೇ. 'ಆಟ್ಮೆನ್' ಅಂಥದು: ಡೂ ಆಟ್ಮೆಸ್ಟ್, ಏರ್ ಆಟ್ಮೆಟ್. ಅರ್ಥ, ಉಸಿರಾಡುವುದು. ಈ ಪದ ಸಂಸ್ಕೃತದ 'ಆತ್ಮನ್' ಶಬ್ದದ ಬಂಧು. ಎರಡೂ ಒಂದೇ ಮೂಲದಿಂದ ಬಂದವು. ಆಸ್ಪತ್ರೆಯಲ್ಲಿ ರೋಗಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ಹೇಳುವ 'ಆಟ್ಮೆನ್ ಜೀ ಟೀಫ್', ಆಳವಾಗಿ ಉಸಿರೆಳೆದುಕೊಳ್ಳಿ, ಎಂಬ ಮಾತನ್ನು ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಮರೆಯುವ ಸಂಭವವೇ ಇಲ್ಲ.

ಇನ್ನೊಂದು ಗುಂಪಿನದು ಇದಕ್ಕೆ ವಿರುದ್ಧ. 'ರೈಜೆನ್' ಪ್ರಯಾಣ ಮಾಡುವುದು, 'ಹೈಸೆನ್' ಹೆಸರಿರುವುದು, 'ಟಾನ್‌ಟ್ಸೆನ್' ಕುಣಿಯುವುದು. ಧಾತುವಿನ ತುದಿಯಲ್ಲೇ ಸಕಾರದ ಸದ್ದು ಇರುವುದರಿಂದ 'ಸ್ಟ್' ಹಚ್ಚುವಾಗ ಅದರ ಸಕಾರ ಬಿದ್ದುಹೋಗುತ್ತದೆ. ಊರು, ಇಂದ ಸೇರಿ 'ಊರಿಂದ' ಆದಾಗ ಉಕಾರ ಹೋದಂತೆ, ಇದು ಲೋಪ. ಡೂ ರೈಸ್ಟ್, ಏರ್ ರೈಸ್ಟ್, ಎರಡೂ ಒಂದೇ ಆಗಿಬಿಡುತ್ತವೆ. 'ವೀ ಹೈಸ್ಟ್ ಡೂ?' ನಿನ್ನ ಹೆಸರೇನು? 'ಹೈಸೆನ್' ಎಂಬುದಕ್ಕೂ ನಮ್ಮ 'ಹೆಸರು' ಎಂಬುದಕ್ಕೂ ಯಾವ ನಂಟೂ ಇಲ್ಲ, ಕಾಕತಾಳೀಯ. ಆದರೂ ನೆನಪಿಟ್ಟುಕೊಳ್ಳಲು ಬಂದರೆ ಬೇಡವೆನ್ನುವುದೇಕೆ?

'ಜಮೆಲ್ನ್' ಎಂಬುದೊಂದಿದೆ, ಕೂಡಿಹಾಕುವುದು ಎಂದರ್ಥ. ನಮ್ಮ 'ಜಮಾ' ನೆನಪಿಗೆ ಬರಲಿ. ಇದರ ಬಾಲ 'ಎನ್' ಅಲ್ಲ, ಬರಿಯ 'ನ್'. ಹಾಗಾಗಿ 'ವೀರ್ ಜಮೆಲ್ನ್', ಆದರೆ ನನ್ನ ಸರದಿ ಬಂದಾಗ 'ಇಶ್ ಜಮ್ಲೆ'.

ಪರಭಾಷೆಯಿಂದ ಬಂದ ಪದಗಳನ್ನು ನಾವು 'ಇಸು' ಹಚ್ಚಿ ಕ್ರಿಯಾಪದ ಮಾಡಿಕೊಳ್ಳುತ್ತೇವೆ: ಪ್ರಯತ್ನಿಸು, ರವಾನಿಸು, ಬದಲಾಯಿಸು; ಫೋನ್ ಬಂದ ಮೇಲೆ 'ಫೋನಾಯಿಸು' ಕೂಡ ಬಂತು. ಜರ್ಮನರು 'ಈರೆನ್' ಹಚ್ಚುತ್ತಾರೆ. ಟೆಲೆಫೊನೀರೆನ್, ಇನ್‌ಫೊರ್ಮೀರೆನ್, ಓಪರೀರೆನ್, ಷ್ಟುಡೀರೆನ್. ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಎರವಲು ಬಂದವೆಲ್ಲ ಸಾಧು ಪ್ರಾಣಿಗಳು, ತಕರಾರಿಲ್ಲದೆ ನಿಯಮದಂತೆ ನಡೆಯುತ್ತವೆ.

ಇಷ್ಟೆಲ್ಲ ಅನುಕೂಲ ಹೇಳಿದ ಮೇಲೆ ಕನ್ನಡ ನಮ್ಮನ್ನು ದಾರಿ ತಪ್ಪಿಸುವ ಜಾಗಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು.

ನಾವು 'ಬರ್ತೀನಿ' ಎಂದಷ್ಟೇ ಅಂದು ಸುಮ್ಮನಾಗಬಹುದು. 'ನಾನು' ಎಂಬುದು ಆ 'ಈನಿ'ಯಲ್ಲೇ ಕೂತಿದೆ. ಜರ್ಮನ್‌ನಲ್ಲಿ ಹಾಗೆ ಕರ್ತೃವನ್ನು ನುಂಗುವಂತಿಲ್ಲ. ಬರಿ 'ಲೆರ್ನೆನ್' ಎಂದರೆ ನಾವೋ ಅವರೋ ತಾವೋ ತಿಳಿಯದು. ಬರಿ 'ಲೆರ್ನ್‌ಟ್' ಎಂದರೆ ಅವನೋ ಅವಳೋ ನೀವೋ ಗೊತ್ತಾಗದು. ನಾಲ್ಕೇ ಪ್ರತ್ಯಯ ಎಂದು ಖುಷಿ ಪಟ್ಟೆವಲ್ಲ, ಅದರ ಬೆಲೆ ಇದು.

ಹಾಗೆಂದು ಕರ್ತೃಪದ ಒಂದಿದ್ದರೆ ಸಾಕು ಎಂದೂ ಅಲ್ಲ. 'ಜೀ' ಎಂಬ ಒಂದೇ ಸದ್ದು ಅವಳು, ಅವರು, ತಾವು ಮೂವರನ್ನೂ ಸೂಚಿಸುತ್ತದೆ. 'ಜೀ ಕೊಮ್ಟ್' ಎಂದರೆ ಅವಳು ಬರ್ತಾಳ. 'ಜೀ ಕೊಮೆನ್' ಎಂದರೆ ಅವರು ಬರ್ತಾರ, ಇಲ್ಲವೇ ತಾವು ಬರ್ತೀರಿ. ಬರೆಯುವಾಗ 'ತಾವು' ಎಂಬರ್ಥದ ಜೀ ದೊಡ್ಡಕ್ಷರದಿಂದ ಶುರುವಾಗುತ್ತದೆ. ಮಾತಿನಲ್ಲಿ ಸಂದರ್ಭವೇ ಗತಿ. ಒಂದು 'ಟ್' ತಪ್ಪಿದರೆ ವಾರ್ಡಿಗೆ ಬರುವವರು ಒಬ್ಬ ಡಾಕ್ಟರಮ್ಮನೋ ಇಡೀ ತಂಡವೋ ಎಂಬುದೇ ಬದಲಾಗುತ್ತದೆ.

ನಿಷೇಧದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 'ನಾ ಬರಂಗಿಲ್ಲ, ಅವ ಬರಂಗಿಲ್ಲ, ನೀವು ಬರಂಗಿಲ್ಲ' ಎನ್ನುವಾಗ ಕನ್ನಡ ಪ್ರತ್ಯಯಗಳನ್ನೆಲ್ಲ ಕೆಳಗಿಟ್ಟುಬಿಡುತ್ತದೆ. ಜರ್ಮನ್ ಇಡುವುದಿಲ್ಲ. ಇಶ್ ಕೊಮೆ ನಿಶ್ಟ್, ಏರ್ ಕೊಮ್ಟ್ ನಿಶ್ಟ್, ವೀರ್ ಕೊಮೆನ್ ನಿಶ್ಟ್. 'ನಿಶ್ಟ್' ಎಂಬ ಇಲ್ಲ ಬಂದರೂ ಪ್ರತ್ಯಯ ತನ್ನ ಜಾಗ ಬಿಡದು.

ಎಲ್ಲಕ್ಕಿಂತ ನಾಜೂಕಿನದು ಗೌರವದ ವಿಷಯ. ಇದನ್ನು ನಾನು ವ್ಯಾಕರಣ ಎನ್ನುವುದಿಲ್ಲ, ಲೋಕವ್ಯವಹಾರ ಎನ್ನುತ್ತೇನೆ. 'ಡೂ' ಎಂದರೆ ನೀನು, 'ಜೀ' ಎಂದರೆ ತಾವು ಎಂದು ತಿಳಿಸಿದ ಕೂಡಲೇ ನಮ್ಮ ಮಕ್ಕಳು ತಲೆಯಾಡಿಸುತ್ತಾರೆ. ಬರಿ 'ಯು' ಇರುವ ಇಂಗ್ಲಿಷಿನವರಿಗೆ ಇದನ್ನು ವಿವರಿಸುವುದು ಕಷ್ಟ. ಆದರೆ ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದು ಬೇರೆ. ಜರ್ಮನ್ ಮನೆಯಲ್ಲಿ ಅಪ್ಪ, ಅವ್ವ, ಅಜ್ಜ ಎಲ್ಲರಿಗೂ 'ಡೂ'. ದೇವರಿಗೂ 'ಡೂ'. ಕೊಟ್ಟೂರೇಶ್ವರನ ತೇರಿನ ಮುಂದೆ ನಿಂತು 'ನೀನೇ ಕಾಪಾಡಪ್ಪಾ' ಎನ್ನುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಮನೆಯಿಂದ ಹೊರಗೆ ಕಾಲಿಟ್ಟರೆ, ಪರಿಚಯವಿಲ್ಲದ ದೊಡ್ಡವರಿಗೆಲ್ಲ 'ಜೀ'. ಅದನ್ನು ಬಿಟ್ಟು 'ಡೂ'ಗೆ ಬರೋಣ ಎಂದು ಹೇಳುವ ಹಕ್ಕು ವಯಸ್ಸಿನಲ್ಲಿ ಹಿರಿಯರದು.

ನಮ್ಮ ಕಡೆ ಆಸ್ಪತ್ರೆಯಲ್ಲಿ ಮಲಗಿದ ಮುದುಕರನ್ನು "ಯಜ್ಜಾ, ಉಂಡೇನು? ಗುಳಿಗಿ ತಗೊಂಡೇನು?" ಎಂದು ಕೇಳುವುದರಲ್ಲಿ ಅಕ್ಕರೆಯಿದೆ, ಅಗೌರವವಿಲ್ಲ. ಜರ್ಮನಿಯ ವಾರ್ಡಿನಲ್ಲಿ ಅದೇ ಅಕ್ಕರೆಯಿಂದ ಎಂಬತ್ತು ವರ್ಷದವರಿಗೆ 'ಬ್ರೌಖ್‌ಸ್ಟ್ ಡೂ ಹಿಲ್ಫೆ?' ಎಂದರೆ ಅವರಿಗೆ ನೋವಾದೀತು. ಚಿಕ್ಕ ಮಗುವಿನಂತೆ ಕಂಡರಲ್ಲ ಎಂದುಕೊಂಡಾರು. 'ಬ್ರೌಖೆನ್ ಜೀ ಹಿಲ್ಫೆ?' ಎನ್ನಬೇಕು. ತಮಗೆ ಸಹಾಯ ಬೇಕೇ ಎಂದರ್ಥ. 'ಸ್ಟ್' ಮತ್ತು 'ಎನ್' ನಡುವಿನ ವ್ಯತ್ಯಾಸ ಇಷ್ಟು ದೊಡ್ಡದು.

ಮತ್ತೆ, ನಾವು 'ನೀವು' ಎಂಬ ಒಂದೇ ಪದವನ್ನು ಗೆಳೆಯರ ಗುಂಪಿಗೂ ಮೇಷ್ಟ್ರಿಗೂ ಬಳಸುತ್ತೇವೆ. ಅವರಲ್ಲಿ ಗುಂಪಿಗೆ 'ಈರ್', ಮೇಷ್ಟ್ರಿಗೆ 'ಜೀ'. ಇನ್ನು ಮೇಷ್ಟ್ರು ಎದುರಿಗಿಲ್ಲದಾಗ? ನಾವು ಆಗಲೂ 'ಮೇಷ್ಟ್ರು ಬರ್ತಾರ' ಎನ್ನುತ್ತೇವೆ. ಜರ್ಮನ್‌ನಲ್ಲಿ ಬೆನ್ನ ಹಿಂದೆ ಬಹುವಚನದ ಮರ್ಯಾದೆ ಇಲ್ಲ: 'ಏರ್ ಕೊಮ್ಟ್', ಅವನು ಬರುತ್ತಾನೆ ಎಂದೇ. ಬಾಯಿಗೆ ಬಾರದೆಂದು 'ಜೀ ಕೊಮೆನ್' ಎಂದರೆ ಕೇಳಿದವರು ಎಷ್ಟು ಜನ ಮೇಷ್ಟ್ರು ಬರುತ್ತಿದ್ದಾರೆ ಎಂದು ಬಾಗಿಲ ಕಡೆ ನೋಡಿಯಾರು!

ಪಾಲಕರು ಕೇಳಬಹುದು, ಇಷ್ಟು ಕಲಿತರೆ ಕೆಲಸ ಸಿಕ್ಕಿತೇ? ಇಲ್ಲ. ಜರ್ಮನ್ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ನಾನು ಇಲ್ಲಿ ಹೇಳಿದ್ದು ಮೊದಲ ಮೆಟ್ಟಿಲಿನ ಮೊದಲ ಕೆಲವು ವಾರಗಳ ಪಾಠ. ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ1 ಅಥವಾ ಬಿ2 ತನಕ ಹೋಗಬೇಕಾಗುತ್ತದೆ. ಅದು ತಿಂಗಳುಗಳ ದುಡಿಮೆ. ಇಷ್ಟೇ ದಿನದಲ್ಲಿ ಗ್ಯಾರಂಟಿ ಎಂದು ಬೋರ್ಡು ಬರೆಸಿದವರಿಗೆ ಪೂರ್ತಿ ಹಣ ಒಂದೇ ಸಲ ಕಟ್ಟುವ ಮೊದಲು ಮಗ, ಮಗಳು ಎ1 ಪರೀಕ್ಷೆ ದಾಟಲಿ ಎಂದು ಕಾಯುವುದು ಜಾಣತನ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. ಮನೆಯಲ್ಲೇ ಕೇಳಿ ಕಲಿಯಲು ಡಾಯ್ಚ ವೆಲ್ಲೆ ಎಂಬ ಅಲ್ಲಿನ ಪ್ರಸಾರ ಸಂಸ್ಥೆಯ ಪಾಠಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಕಿವಿಗೆ ಬೀಳದ ಭಾಷೆ ನಾಲಗೆಗೆ ಬಾರದು, ಆದ್ದರಿಂದ ಈ ಪುಟವನ್ನು ಅದರ ಜೊತೆಗಿಟ್ಟುಕೊಂಡೇ ಓದಬೇಕು.

ಹಗರಿಬೊಮ್ಮನಹಳ್ಳಿಯ ಆ ತಂದೆಗೆ ನನ್ನದೊಂದು ಸೂಚನೆ. ಜರ್ಮನ್‌ನ ಒಂದಕ್ಷರ ಬಾರದಿದ್ದರೂ ನೀವು ಮಗಳಿಗೆ ಪಾಠ ಹೇಳಿಸಬಲ್ಲಿರಿ. ಮಗ್ಗಿ ಒಪ್ಪಿಸಿಕೊಂಡಂತೆ ಒಪ್ಪಿಸಿಕೊಳ್ಳಿ. ಮೇಲಿನ ಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ. ರಾತ್ರಿ ಫೋನ್ ಬಂದಾಗ ನೀವು ಕನ್ನಡದಲ್ಲಿ "ಅವರು ಕಲೀತಾರ" ಅನ್ನಿ. ಆಕೆ ಕಣ್ಣುಮುಚ್ಚಿ 'ಜೀ ಲೆರ್ನೆನ್' ಅನ್ನಲಿ. ನೀವು "ನೀ ಕಲೀತೀ" ಅನ್ನಿ. 'ಡೂ ಲೆರ್ನ್‌ಸ್ಟ್' ಬರಲಿ. ಕ್ರಮ ತಪ್ಪಿಸಿ ಕೇಳಬೇಕು, ಅದು ಮುಖ್ಯ. ಸಾಲಾಗಿ ಒಪ್ಪಿಸುವುದು ಗಿಳಿಗೂ ಬರುತ್ತದೆ. ಯೋಚಿಸುವ ಮೊದಲೇ ಪ್ರತ್ಯಯ ನಾಲಗೆಗೆ ಬರಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಮಧ್ಯೆ ಇಂಗ್ಲಿಷ್ ಸುಳಿಯದಿರಲಿ.

ಈ ವಾರದ ಧಾತುಗಳು: ಫ್ರಾಗೆನ್ (ಪ್ರಶ್ನೆ ಕೇಳು), ಹ್ಯೋರೆನ್ (ಆಲಿಸು), ಕೊಖೆನ್ (ಅಡುಗೆ ಮಾಡು), ಷ್ಪೀಲೆನ್ (ಆಡು), ಕೌಫೆನ್ (ಕೊಳ್ಳು), ರೇಡೆನ್ (ಮಾತಾಡು), ವಾರ್ಟೆನ್ (ಕಾಯು), ಟಾನ್‌ಟ್ಸೆನ್ (ಕುಣಿ), ಮತ್ತು ನರ್ಸಿಂಗ್‌ನವರಿಗೆ ವಿಶೇಷವಾಗಿ ಪ್‌ಫ್ಲೇಗೆನ್ (ಆರೈಕೆ ಮಾಡು). ಕೊನೆಯದರಲ್ಲಿ 'ಸ್ಟ್', 'ಟ್' ಹಚ್ಚಿದಾಗ ಗಕಾರ ನುಡಿಯಲ್ಲಿ ಕಕಾರದಂತೆ ಗಟ್ಟಿಯಾಗುತ್ತದೆ, ಬರಹದಲ್ಲಿ ಬದಲಾಗದು. ಇವುಗಳಲ್ಲಿ ಎರಡಕ್ಕೆ ಆಗಮ, ಒಂದಕ್ಕೆ ಲೋಪ ಬರುತ್ತದೆ. ಯಾವುವೆಂದು ನೀವೇ ಹುಡುಕಿ. ಮುಂದಿನ ವಾರ 'ಫಾರೆನ್' ಎಂಬ ಧಾತುವನ್ನು ಎತ್ತಿಕೊಳ್ಳೋಣ. ವಾಹನದಲ್ಲಿ ಹೋಗುವುದು ಎಂದರ್ಥ. 'ಡೂ', 'ಏರ್' ಬಂದಾಗ ಅದರ ಹೊಟ್ಟೆಯೊಳಗಿನ ಸ್ವರವೇ ಬದಲಾಗುತ್ತದೆ.